ಲಿಂಡಾಲ್ವಾಳ ಕಣ್ಣುಗಳು

ಜುವಾಜೇರೊ ದೊ ನೊರ್ತೆ
೩ ಮಾರ್ಚ್ ೨೦೧೨

ಮಗಳೇ ವಾನಿಯಾ,

ದೇವರು ನಿನ್ನನ್ನು ಹರಸಲಿ. ಕುಳಿತು ಓದು. ನಿಂತು ಓದುವ ಪತ್ರವಲ್ಲ ಇದು.

ಹೋದ ವಾರ ಮಳೆ ಬಂತು. ಸುಮ್ಮನೆ ಬಂತು ಅಂದುಕೊಂಡೆಯಾ? ಆಕಾಶವೆಂಬ ಆ ಮಹಾ ಡೇರೆಯ ನಡುಗಂಬವೇ ಲಟಕ್ಕನೆ ಮುರಿದು, ಕ್ಯಾನ್ವಾಸೆಲ್ಲ ಒಮ್ಮೆಗೇ ನನ್ನ ಹೆಂಚಿನ ಮೇಲೆ ಕವುಚಿ ಬಿದ್ದ ಹಾಗೆ ಬಂತು! ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ಹಬೆಗಿಟ್ಟು ಕೂತಿದ್ದೆ. ಕಿವಿ ಸತ್ತವನಿಗೆ ಮಳೆಯ ಸದ್ದು ಎಲ್ಲಿಂದ ತಿಳಿಯಬೇಕು? ಪಾದಕ್ಕೆ ತಣ್ಣಗೆ ತಾಗಿದ ಮೇಲೆ ಎದ್ದು ಹಜಾರಕ್ಕೆ ಬಂದೆ. ಬಂದು ನೋಡಿದರೆ, ಗೋಡೆ ಅಳುತ್ತಿದೆ! ಪವಿತ್ರಹೃದಯದ ಯೇಸುವಿಗೆ ಒಂದು ಹನಿ ತಾಗಿಲ್ಲ. ನನ್ನ ಅಮ್ಮನ ಪಟಕ್ಕೆ ತಾಗಿಲ್ಲ. ಹೆಂಚು ಬಾಯಿ ಬಿಟ್ಟದ್ದು ಸರಿಯಾಗಿ ನಿನ್ನ ತಾಯಿಯ ನೆತ್ತಿಯ ಮೇಲೆ.

ಒರೆಸಿದೆ. ಬಿಸಿಲಿಗೆ ಇಟ್ಟೆ. ಮೂರು ದಿನ ಕಳೆಯುವಷ್ಟರಲ್ಲಿ ಗಾಜಿನೊಳಗೆ ಬೂಷ್ಟು ಹಬ್ಬಿತು. ಪಕ್ಕದ ಮನೆಯ ದೋನಾ ಕ್ಲೆಮೆಂತಿನಾ ಜಪಮಾಲೆ ಎಣಿಸುತ್ತ ಒಳಗೆ ಬಂದವಳು ಗೋಡೆ ನೋಡಿ, ನನ್ನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದಳು: "ದುರ್ವಾಲಿನೊ, ನಿನ್ನ ಹೆಂಡತಿಗೆ ಗಡ್ಡ ಬಂದಿದೆಯಲ್ಲೋ!"

"ನಿನಗೆ ಬಂದು ಇಪ್ಪತ್ತು ವರ್ಷ ಆಯ್ತು, ನಾನೇನಾದ್ರೂ ಅಂದ್ನಾ?" ಅಂದೆ. ಮುನಿಸಿಕೊಂಡು ಹೋದಳು. ಸಂಜೆ ಬಿಸ್ಕತ್ತು ತಂದುಕೊಟ್ಟಳು.

ನಗಬೇಡ. ನಿನಗೆ ಒಂದೂವರೆ ವರ್ಷ ತುಂಬುವಾಗ ಹೋದವಳು ಲಿಂಡಾಲ್ವಾ. ನಮ್ಮ ಸರ್ಕಸ್ಸಿನ ಪಟಗಳಿದ್ದ ಪೆಟ್ಟಿಗೆ ದೋಣಿಯಿಂದ ಜಾರಿ ಪಾರ್ನೈಬಾ ನದಿ ಸೇರಿದ ಮೇಲೆ ಈ ಭೂಮಿಯ ಮೇಲೆ ಅವಳ ಮುಖ ಉಳಿದದ್ದು ಇದೊಂದೇ ಕಡೆ. ಜುಲೈ ಎರಡಕ್ಕೆ ನಮ್ಮ ಮನೆಯ ಪವಿತ್ರಹೃದಯದ ನವೀಕರಣ, ಮನೆಯನ್ನು ವರ್ಷಕ್ಕೊಮ್ಮೆ ಯೇಸುವಿಗೆ ಮತ್ತೆ ಒಪ್ಪಿಸುವ ದಿನ. ಕೇರಿಯೆಲ್ಲ ಬಂದು ಆ ಗೋಡೆಯ ಮುಂದೆ ಮೊಣಕಾಲೂರಿ ಹಾಡುತ್ತದೆ. ಅವಳಿಲ್ಲದ ಗೋಡೆಯ ಮುಂದೆ ನನಗೆ ಬಾಯಿ ಬರುವುದಿಲ್ಲ.

ಹಳೆಯ ಪಟ ಸರಿಮಾಡುವುದು ನಿನ್ನ ಕಸುಬು. ಚೌಕಟ್ಟಿನ ಸಮೇತ ಅವಳನ್ನು ಅವಳು ಮಲಗುತ್ತಿದ್ದ ಜೋಲಿಯಲ್ಲೇ ಸುತ್ತಿ, ಬಸ್ಸಿನ ಡ್ರೈವರ್ ನೊನಾತೊನ ಕೈಗೆ ಕೊಟ್ಟಿದ್ದೇನೆ. ಫೋನ್ ಮಾಡಬೇಡ, ನನಗೆ ಕೇಳಿಸುವುದು ಬರೀ ಜೇನ್ನೊಣದ ಗುಂಯ್ ಸದ್ದು. ಬರೆ.

ನಿನ್ನ ಅಪ್ಪ,
ದುರ್ವಾಲಿನೊ


ಫೊರ್ತಲೇಜಾ
೧೪ ಮಾರ್ಚ್ ೨೦೧೨

ಅಪ್ಪಾ, ನಿಮ್ಮ ಆಶೀರ್ವಾದ ಬೇಡುತ್ತೇನೆ.

ಅಮ್ಮ ಕ್ಷೇಮವಾಗಿ ಬಂದಳು. ನೊನಾತೊ ಅವಳನ್ನು ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿ, ಬೆಲ್ಟು ಹಾಕಿ ತಂದಿದ್ದ. "ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ ನಿಮ್ಮಮ್ಮ, ಒಳ್ಳೆ ಪ್ಯಾಸೆಂಜರು" ಅಂದ.

ಎಡಗೆನ್ನೆ ಗಾಜಿಗೆ ಅಂಟಿಕೊಂಡಿದೆ. ಎಳೆದರೆ ಕೆನ್ನೆ ಗಾಜಿನ ಪಾಲಾಗುತ್ತದೆ. ಅದಕ್ಕೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದೆ. ಈಗ ಅವಳು ಎರಡು ಕಡೆ ಇದ್ದಾಳೆ: ಮೇಜಿನ ಮೇಲೆ ಕಾಯಿಲೆ ಬಿದ್ದು ಮಲಗಿದ ಹಾಗೆ, ಕಂಪ್ಯೂಟರಿನಲ್ಲಿ ಒಂದು ಊರಿನ ಹಾಗೆ. ಹೌದು ಅಪ್ಪಾ, ಊರೇ. ಅಷ್ಟು ದೊಡ್ಡದು ಮಾಡಿಕೊಂಡಾಗ ಮುಖ ಮುಖವಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಅವಳ ಹಣೆಯಲ್ಲಿ ಹೊರಟರೆ ಊಟದ ಹೊತ್ತಿಗೆ ಹುಬ್ಬು ತಲುಪುತ್ತೇನೆ. ಅಲ್ಲಲ್ಲಿ ಬೂಷ್ಟಿನ ಕಾಡು. ಬಿರುಕಿನ ಆಚೆ ದಂಡೆಯಿಂದ ಸ್ವಲ್ಪ ಚರ್ಮ ಕಡ ತಂದು ಈಚೆ ದಂಡೆಗೆ ಹಚ್ಚುತ್ತೇನೆ. ಸಂಜೆ ಕಡಲ ಗಾಳಿಗೆ ಹೊರಬಂದಾಗ ಎದುರಿಗೆ ಬರುವ ಜನರ ಮುಖಗಳೆಲ್ಲ ಪುಟ್ಟದಾಗಿ, ನಡೆಯಲು ಜಾಗವೇ ಇಲ್ಲದಂತೆ ಕಾಣುತ್ತವೆ.

ನಮ್ಮ ಸ್ಟುಡಿಯೋದ ಅಡೆರ್ಬಾಲ್ ಮೇಷ್ಟ್ರು ಗೊತ್ತಲ್ಲ, ಒಂದು ಕಾಲಕ್ಕೆ ಕುಂಚದಲ್ಲಿ ಇಂಥ ಪಟಗಳಿಗೆ ಬಣ್ಣ ಕಟ್ಟುತ್ತಿದ್ದವರು. ಈಗ ಮೌಸ್ ಕಂಡರೆ ನಿಜವಾದ ಇಲಿ ಕಂಡ ಹಾಗೆ ಹಿಂದೆ ಸರಿಯುತ್ತಾರೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಹೇಳಿದರು: "ಏ ಹುಡುಗಿ, ಬಣ್ಣದ ಕೆಳಗೆ ಜಾಸ್ತಿ ಕೆದಕಬೇಡ. ನಾವು ಬಣ್ಣದೋರು ಸುಮ್‌ಸುಮ್ನೆ ಮುಚ್ಚಿರಲ್ಲ. ಕೆಳಗೆ ಒಂದೋ ಹೆಣ ಇರುತ್ತೆ, ಇಲ್ಲಾ ಬೇರೆ ಹೆಂಗಸು ಇರ್ತಾಳೆ!"

ಒಂದು ಸೋಜಿಗ. ನೀರು ಕೂದಲನ್ನು ತಿಂದಿದೆ, ಕುತ್ತಿಗೆಯನ್ನು ತಿಂದಿದೆ. ಕಣ್ಣುಗಳನ್ನು ಮಾತ್ರ ಮುಟ್ಟಿಲ್ಲ. ಅವಳೂ ನಾನೂ ಒಬ್ಬರನ್ನೊಬ್ಬರು ದಿನವಿಡೀ ನೋಡುತ್ತೇವೆ. ಚಿಕ್ಕವಳಿದ್ದಾಗ ಮನೆಗೆ ಬಂದವರೆಲ್ಲ ಗೋಡೆ ನೋಡಿ, ನನ್ನ ನೋಡಿ, "ಅಮ್ಮನ ಕಣ್ಣನ್ನೇ ಇಸಕೊಂಡು ಬಂದಿದ್ದಾಳೆ" ಅನ್ನುತ್ತಿದ್ದರಲ್ಲ. ನನಗೆ ಅವಳ ವಾಸನೆ ನೆನಪಿಲ್ಲ, ದನಿ ನೆನಪಿಲ್ಲ. ಅವಳಿಂದ ನನಗೆ ಬಂದದ್ದು ಅಂತ ಇರುವುದು ಈ ಎರಡು ಕಣ್ಣು. ಕನ್ನಡಿಯ ಮುಂದೆ ನಿಂತಾಗಲೆಲ್ಲ ಅವಳು ಒಳಗಿಂದ ಇಣುಕುತ್ತಾಳೆ ಅಂದುಕೊಂಡೇ ಬೆಳೆದವಳು ನಾನು. ಆದ್ದರಿಂದ ಹೆದರಬೇಡಿ. ಮುಖ ಉಳಿಸಿ ಕೊಡುತ್ತೇನೆ.

ಉಡುಪಿನ ಬಣ್ಣ ನಿಜವಾಗಿ ನೀಲಿಯೇ? ಆ ಮುತ್ತಿನ ಸರ ಯಾರು ಕೊಟ್ಟದ್ದು? ಈ ಫೋಟೋ ತೆಗೆದದ್ದು ಯಾವ ಊರಲ್ಲಿ, ಯಾರು? ಬರೆಯಿರಿ.

ನಿಮ್ಮ ಮಗಳು,
ವಾನಿಯಾ


ಜುವಾಜೇರೊ ದೊ ನೊರ್ತೆ
೨೭ ಮಾರ್ಚ್ ೨೦೧೨

ಮಗಳೇ,

ದೇವರು ನಿನ್ನನ್ನು ಹರಸಲಿ.

ಉಡುಪು ನೀಲಿಯಲ್ಲ! ನೀಲಿ ಎಂದು ಹೇಳಿದವನ ನಾಲಗೆಗೆ ಬೆಂಕಿ ಬೀಳಲಿ! ಅದು ಬಿಳಿ, ಸೊಂಟದ ಹತ್ತಿರ ಒಂದು ತೇಪೆ. ಮುತ್ತಿನ ಸರವೂ ಅವಳದ್ದಲ್ಲ. ನಿನ್ನ ತಾಯಿ ಜೀವಮಾನದಲ್ಲಿ ಮುತ್ತು ಕಂಡವಳಲ್ಲ. ಬಣ್ಣ ಕಟ್ಟುವವನು ಸಂತೋಷಕ್ಕೆ ಹಾಕಿದ, ಹಾಗೇ ಇರಲಿ ಬಿಡು. ಗೋಡೆ ಮೇಲೆ ನನ್ನ ಅಪ್ಪನೂ ಕೋಟು ಹಾಕಿಕೊಂಡಿದ್ದಾನೆ, ಬದುಕಿದ್ದಾಗ ಅವನಿಗೆ ಗುಂಡಿ ಇರುವ ಅಂಗಿಯೇ ಇರಲಿಲ್ಲ.

ಅವಳ ಬಗ್ಗೆ ಕೇಳು, ಹೇಳುತ್ತೇನೆ. ಲಿಂಡಾಲ್ವಾ ನಿಂತ ಕಡೆ ನಿಲ್ಲುವ ಹೆಂಗಸಲ್ಲ. ಮಾತಾಡುವಾಗ ಕೈ ಕುಣಿಯಬೇಕು, ಕೇಳುವಾಗ ಕಾಲು ಕುಣಿಯಬೇಕು. ನಮ್ಮ ಸರ್ಕಸ್ಸಿನಲ್ಲಿ ಮೊದಲರ್ಧ ಜೋಕಾಲಿ, ಕಸರತ್ತು, ಕೋಡಂಗಿಗಳು. ಆಮೇಲೆ ಅದೇ ಮಣ್ಣಿನ ಮೇಲೆ ಹಲಗೆ ಹಾಸಿ, ಪರದೆ ಕಟ್ಟಿ ನಾಟಕ. ಮೊದಲರ್ಧದಲ್ಲಿ ಹಗ್ಗದ ಮೇಲೆ ಓಡುವವಳು, ಎರಡನೇ ಅರ್ಧದಲ್ಲಿ ನನ್ನ ಹೆಂಡತಿಯ ಪಾತ್ರ. ಸುಮ್ಮನೆ ನಿಲ್ಲುವ ದೃಶ್ಯವಿದ್ದರೆ ಅವಳಿಗೆ ಜ್ವರ ಬರುತ್ತಿತ್ತು.

ಬೂಷ್ಟು ತೆಗೆ, ಬಿರುಕು ಮುಚ್ಚು, ಕೂದಲು ನೆಡು. ಕಣ್ಣು ಮಾತ್ರ ಮುಟ್ಟಬೇಡ. ಬೆಳಗಿನ ಕಾಫಿ ಹಿಡಿದುಕೊಂಡು ನಾನು ಮಾತಾಡುವುದು ಆ ಕಣ್ಣುಗಳ ಜೊತೆ. ಈಗ ಗೋಡೆಯಲ್ಲಿ ಅಂಡಾಕಾರದ ಒಂದು ಬಿಳಿ ಗುರುತು ಉಳಿದಿದೆ. ಅದಕ್ಕೇ ಶುಭೋದಯ ಹೇಳುತ್ತಿದ್ದೇನೆ, ಹುಚ್ಚನ ಹಾಗೆ.

ಯಾವ ಊರು, ಯಾರು ತೆಗೆದದ್ದು ಎಂದು ಕೇಳಿದ್ದೀಯ. ಅದು ಉದ್ದದ ಕಥೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು.

ನಿನ್ನ ಅಪ್ಪ,
ದುರ್ವಾಲಿನೊ


ಫೊರ್ತಲೇಜಾ
೧೯ ಏಪ್ರಿಲ್ ೨೦೧೨

ಅಪ್ಪಾ,

ಕಂಪ್ಯೂಟರಿನಲ್ಲಿ ಪಟದ ಬಣ್ಣಗಳನ್ನು ಬೇರೆಬೇರೆ ಪದರ ಮಾಡಿ ನೋಡಬಹುದು. ಕೆಂಪಿನ ಪದರವೊಂದನ್ನೇ ಇಟ್ಟುಕೊಂಡರೆ ಮೇಲೆ ಬಳಿದ ಬಣ್ಣ ನೀರಿನಂತೆ ತಿಳಿಯಾಗಿ, ತಳದಲ್ಲಿರುವ ಮೂಲ ಫೋಟೋ ಮೇಲೇಳುತ್ತದೆ. ನೀರು ಕಣ್ಣನ್ನು ಮಾತ್ರ ಏಕೆ ಬಿಟ್ಟಿತು ಎಂದು ತಿಳಿಯಲು ಹಾಗೆ ಮಾಡಿದೆ. ಅಲ್ಲಿ ಬಣ್ಣ ಬಹಳ ದಪ್ಪವಾಗಿತ್ತು, ಅದಕ್ಕೆ ಬಿಟ್ಟಿತ್ತು.

ಬಣ್ಣದ ಕೆಳಗೆ ಕಣ್ಣುಗಳು ಮುಚ್ಚಿದ್ದವು.

ಆಮೇಲೆ ಎಲ್ಲವೂ ತಾನಾಗಿ ಕಾಣತೊಡಗಿತು. ಕೂದಲು ಹೆಗಲಿಗೆ ಇಳಿದಿಲ್ಲ, ಹಿಂದಕ್ಕೆ ಚೆಲ್ಲಿದೆ. ಕಿವಿಯೋಲೆ ಕತ್ತಿನ ಹಿಂದಕ್ಕೆ ಜೋತಿದೆ. ಅಂದರೆ ಮಲಗಿದ್ದವಳನ್ನು ಬಣ್ಣದಲ್ಲಿ ಎಬ್ಬಿಸಿ ಕೂರಿಸಿದ್ದಾರೆ. ನೀಲಿ ಹಿನ್ನೆಲೆಯ ಕೆಳಗೆ ಬಿಳಿ ಬಟ್ಟೆ, ಹೂವು, ಒಂದು ಮೇಣದ ಬತ್ತಿ.

ನಮ್ಮ ಕಸುಬಿನಲ್ಲಿ ಇದಕ್ಕೆ ಹೆಸರಿದೆ, ಕಣ್ಣು ತೆರೆಸುವುದು. ಹಳ್ಳಿಗಳಿಂದ ಜನ ಬರುತ್ತಾರೆ. ಕೈಯಲ್ಲಿ ಶವಪೆಟ್ಟಿಗೆಯ ಫೋಟೋ ಒಂದೇ. "ಇಷ್ಟೇ ಇರೋದು ತಾಯಿ, ನಮ್ಮಪ್ಪನ್ನ ಎಬ್ಬಿಸಿ ಕೊಡು." ಹೂವು ತೆಗೆದು, ಮೂಗಿನ ಹತ್ತಿ ತೆಗೆದು, ಕೋಟು ತೊಡಿಸಿ, ಕಣ್ಣು ತೆರೆಸಿ ಕೊಡುತ್ತೇನೆ. ಮುಟ್ಟಿ ಮುದ್ದಾಡಿ ಒಯ್ಯುತ್ತಾರೆ. ಎಷ್ಟೋ ಜನರಿಗೆ ಮಾಡಿದ್ದೇನೆ, ಹೆಮ್ಮೆಪಟ್ಟಿದ್ದೇನೆ. ನನ್ನ ಮನೆಯ ಗೋಡೆಯಲ್ಲೇ ಅದಿದೆ ಎಂದು ನನಗೆ ಹೊಳೆಯಲಿಲ್ಲ.

ಯಾವ ಊರು ಎಂದು ಕೇಳಿದ್ದಕ್ಕೆ ಅಂಚೆ ಕಚೇರಿ ಮುಚ್ಚುತ್ತದೆ ಅಂದಿರಿ. ನಲವತ್ತು ವರ್ಷ ನನ್ನನ್ನು ಒಂದು ಹೆಣದ ಮುಂದೆ ನಿಲ್ಲಿಸಿ "ಅಮ್ಮನಿಗೆ ಟಾಟಾ ಮಾಡು" ಅಂದಿರಿ. ಆಯಿತು, ಅದನ್ನೂ ಸಹಿಸಿಕೊಳ್ಳುತ್ತೇನೆ. ಆದರೆ ಆ ಕಣ್ಣುಗಳು ಯಾರೋ ಬಣ್ಣದವನು ಕುಂಚದಲ್ಲಿ ಬಿಡಿಸಿದ್ದಾದರೆ, ನನ್ನ ಮುಖದಲ್ಲಿರುವುದು ಯಾರ ಕಣ್ಣು? ಇಷ್ಟು ವರ್ಷ ಕನ್ನಡಿಯಿಂದ ನನ್ನನ್ನು ನೋಡುತ್ತಿದ್ದವಳು ಯಾರು? ನಾನು ನನ್ನ ತಾಯಿಯನ್ನು ಒಂದು ಸಲವಾದರೂ ನೋಡಿದ್ದೇನೆಯೇ?

ಕೆಲಸ ನಿಲ್ಲಿಸಿದ್ದೇನೆ. ಚೌಕಟ್ಟನ್ನು ಜೋಲಿಯಲ್ಲಿ ಸುತ್ತಿಟ್ಟಿದ್ದೇನೆ.

ವಾನಿಯಾ


ಜುವಾಜೇರೊ ದೊ ನೊರ್ತೆ
೬ ಮೇ ೨೦೧೨

ಮಗಳೇ,

ದೇವರು ನಿನ್ನನ್ನು ಹರಸಲಿ. ಈ ಸಲ ನೀನು ಕೇಳಲಿಲ್ಲ. ಕೇಳದಿದ್ದರೂ ಕೊಡುವ ಹಕ್ಕು ನನ್ನದು, ತಗೋ.

ನಿನ್ನ ಪತ್ರ ಓದಿ ನಕ್ಕೆ. ಹಜಾರ ಗುಡುಗುವ ಹಾಗೆ ನಕ್ಕೆ. ದೋನಾ ಕ್ಲೆಮೆಂತಿನಾ ಓಡಿಬಂದು ನನಗೆ ಹುಚ್ಚು ಹಿಡಿಯಿತೆಂದು ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಅತ್ತೆ. ಅದನ್ನು ಯಾರೂ ನೋಡಲಿಲ್ಲ.

ಕೇಳು. ಎತ್ತು ಪರದೆ!

ಪಿಯಾವಿ ಸೀಮೆಯ ಓಯೇರಾಸ್ ಊರು. ಭಾನುವಾರ ಮಧ್ಯಾಹ್ನದ ಆಟ. ನಾಟಕ 'ಶಪಿತ ವಧು', ಐದು ಅಂಕ. ಅನುಮಾನದ ಗಂಡ ನಾನು, ನಿರಪರಾಧಿ ಹೆಂಡತಿ ಅವಳು. ಕೊನೆಯ ಅಂಕದಲ್ಲಿ ವಿಷ ಕುಡಿದು ಬೀಳುತ್ತಾಳೆ. ಬಿಳಿ ಬಟ್ಟೆಯ ಮಂಚ, ಕಾಗದದ ಹೂವು, ತಲೆಯ ಹತ್ತಿರ ಬತ್ತಿ. ನಾನು ಮಂಡಿಯೂರಿ ಗರ್ಜಿಸುತ್ತೇನೆ: "ಏಳು, ನನ್ನ ಮನೆಯ ಹಗಲೇ, ಏಳು! ಈ ಪಾಪಿಯ ಮುಖಕ್ಕೆ ಉಗಿಯುವುದಕ್ಕಾದರೂ ಕಣ್ಣು ತೆರೆ!" ಡೇರೆಯೊಳಗೆ ಒಂದು ಕಣ್ಣು ಒಣಗಿ ಉಳಿಯುತ್ತಿರಲಿಲ್ಲ, ಗೊತ್ತಾ?

ಊರೂರು ಅಲೆಯುವ ಒಬ್ಬ ಫೋಟೋದವನು ಆ ವಾರ ನಮ್ಮ ಬೆನ್ನು ಹತ್ತಿದ್ದ. ಹಗ್ಗದ ಮೇಲೆ ಅವಳ ಪಟ ತೆಗೆದ, ಅಲುಗಿದಳು, ಬಂದದ್ದು ಹೊಗೆ. ಬಾವಿಕಟ್ಟೆಯಲ್ಲಿ ನಿಲ್ಲಿಸಿ ತೆಗೆದ, ಹೊಗೆ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ತೆಗೆದ, ನೀನು ಬಂದೆ, ಅವಳು ಹೊಗೆ! ಅವನಿಗೆ ರೇಗಿಹೋಯಿತು. "ಈ ಹೆಂಗಸು ಸತ್ತಾಗ ಮಾತ್ರ ಸುಮ್ಮನಿರ್ತಾಳೆ ಸ್ವಾಮಿ. ಸತ್ತಾಗಲೇ ತೆಗೀತೀನಿ" ಅಂದ. ಐದನೇ ಅಂಕದಲ್ಲಿ ರಂಗದ ಪಕ್ಕ ಬಂದು ನಿಂತ.

ನಾನು ಗರ್ಜಿಸುತ್ತಿದ್ದೇನೆ. ಅಷ್ಟರಲ್ಲಿ ಒಂದು ನೊಣ ಬಂತು. ಓಯೇರಾಸಿನ ದಪ್ಪ ನೊಣ. ನನ್ನ ಮೂಗು ಬಿಟ್ಟು ಅವಳ ಮೂಗಿನ ತುದಿಯಲ್ಲಿ ಕೂತು ಕೈ ಉಜ್ಜಿಕೊಳ್ಳತೊಡಗಿತು. ಸತ್ತವಳು ಏನು ಮಾಡಬೇಕು? ಒಳಗಿನಿಂದ ಕೆನ್ನೆ ಕಚ್ಚಿ ನಗು ಹಿಡಿದಳು. ನನಗೆ ಕಂಡಿತು. ನನ್ನ ಅಳು ನಡುಗಿತು, ಜನ ಅದನ್ನು ದುಃಖ ಅಂದುಕೊಂಡು ಇನ್ನೂ ಜೋರಾಗಿ ಅತ್ತರು. ಅದೇ ಗಳಿಗೆಯಲ್ಲಿ ಪಟ್ಟೆಂದು ಬೆಳಕು! ನಿನ್ನ ಕೈಯಲ್ಲಿರುವುದು ಆ ಬೆಳಕು ಮಗಳೇ. ನಂಬದಿದ್ದರೆ ಅವಳ ಎಡತುಟಿಯ ತುದಿಗೆ ಹೋಗಿ ನೋಡು.

ಪರದೆ ಬಿದ್ದ ಕೂಡಲೇ ಅವಳದು ಒಂದು ಅಭ್ಯಾಸ. ಎರಡೂ ಕಣ್ಣು ತೆರೆಯುವುದಿಲ್ಲ. ಒಂದೇ ಒಂದನ್ನು ತೆರೆದು ಕೇಳುತ್ತಾಳೆ: "ಅತ್ರಾ?" ಪ್ರತಿ ಊರಿನಲ್ಲಿ, ಪ್ರತಿ ಆಟದಲ್ಲಿ. "ಅತ್ತರು ಕಣೇ" ಅಂದರೆ ಎದ್ದು ಕುಣಿಯುತ್ತ ಹೋಗುತ್ತಾಳೆ.

ಈಗ ನಿನಗೆ ಹೇಳದೆ ಬಿಟ್ಟದ್ದು. ಆ ಫೋಟೋ ತೆಗೆದ ಮೂರು ತಿಂಗಳಿಗೆ ಪೀಕೊಸ್ ಊರಿನಲ್ಲಿ ಅವಳಿಗೆ ಜ್ವರ ಬಂತು. ಅಲ್ಲೂ ಬಿಳಿ ಬಟ್ಟೆ, ಅಲ್ಲೂ ಬತ್ತಿ. ನಾನು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದೆ. ಬಹಳ ಹೊತ್ತು ಕಾದೆ ಮಗಳೇ. ಒಂದು ಕಣ್ಣಾದರೂ ತೆರೆಯುತ್ತಾಳೆ ಎಂದು.

ಸರ್ಕಸ್ಸಿನವರು ಅಂದರು, ಸತ್ತ ವೇಷದಲ್ಲಿ ಪಟ ತೆಗೆಸಿದಳು, ಪಟ ಸಾವನ್ನು ಕರೆಯಿತು ಎಂದು. ನಾನು ನಂಬಲಿಲ್ಲ. ನಂಬದೆಯೂ ಇರಲಿಲ್ಲ. ಆ ಮಾತು ನಿನ್ನ ಕಿವಿಗೆ ಬೀಳದಿರಲಿ ಎಂದು ಪಟ ತೆಗೆದ ಊರಿನ ಹೆಸರು ನಾನು ಹೇಳಲಿಲ್ಲ, ಅಷ್ಟೇ.

ನಿನ್ನ ಅಪ್ಪ,
ದುರ್ವಾಲಿನೊ


ಫೊರ್ತಲೇಜಾ
೨೪ ಮೇ ೨೦೧೨

ಅಪ್ಪಾ, ನಿಮ್ಮ ಆಶೀರ್ವಾದ ಬೇಡುತ್ತೇನೆ. ಹೋದ ಸಲದ್ದೂ ಸೇರಿಸಿ.

ತುಟಿಯ ತುದಿಗೆ ಹೋಗಿದ್ದೆ. ಅಲ್ಲಿಗೆ ಮುಟ್ಟಲು ದಾರಿಯೇ ಇರಲಿಲ್ಲ. ಗಾಜಿಗೆ ಅಂಟಿದ ಕೆನ್ನೆ ಅದೇ ತಾನೇ. ಒಂದು ಕಡೆಯಿಂದ ಬೂಷ್ಟು ಕಳೆದೆ, ಇನ್ನೊಂದು ಕಡೆಯಿಂದ ಬಣ್ಣ ಕಳೆದೆ. ಬಣ್ಣದವನು, ಗೋಡೆ ಮೇಲಿರುವವಳು ಗಂಭೀರವಾಗಿರಲಿ ಎಂದು ತುಟಿಯ ಮೇಲೆ ನೇರವಾಗಿ ಒಂದು ಗೆರೆ ಎಳೆದುಬಿಟ್ಟಿದ್ದ. ಆ ಗೆರೆಯನ್ನು ಎತ್ತಿದೆ.

ಇದೆ ಅಪ್ಪಾ. ತುದಿ ಒಳಕ್ಕೆ ಎಳೆದುಕೊಂಡಿದೆ. ಕೆನ್ನೆಯಲ್ಲಿ ಗುಳಿ ಬಿದ್ದಿದೆ. ಮೂಗಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಅದನ್ನು ಮೊದಲ ವಾರವೇ ಧೂಳು ಅಂದುಕೊಂಡು ಅಳಿಸಿಹಾಕಿದ್ದೆ! ಹಳೆಯ ಪ್ರತಿಯಿಂದ ಹುಡುಕಿ ತಂದು, ಆ ನೊಣವನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿದೆ. ನನ್ನ ಕಸುಬಿನಲ್ಲಿ ಕೊಳೆಯನ್ನು ವಾಪಸು ತಂದಿಟ್ಟದ್ದು ಇದೇ ಮೊದಲು.

ಜೋರಾಗಿ ನಕ್ಕುಬಿಟ್ಟೆ. ಅಡೆರ್ಬಾಲ್ ಮೇಷ್ಟ್ರು ಬಂದರು. "ಏನೇ, ಕಂಪ್ಯೂಟರು ಜೋಕು ಹೇಳ್ತಾ?" ಅಂತ ಕನ್ನಡಕ ಏರಿಸಿ ನೋಡಿದರು. ಆಮೇಲೆ ದನಿ ಇಳಿಸಿ, "ತಡಿ, ತಡಿ. ಈಗ ನಗ್ತಾಳೆ ಇವಳು" ಅಂದರು. ಇಬ್ಬರೂ ಉಸಿರು ಹಿಡಿದು ಕಾದೆವು. ಫ್ಯಾನು ತಿರುಗುತ್ತಿತ್ತು, ಹೊರಗೆ ತೆಂಗಿನ ನೀರಿನವನು ಕೂಗುತ್ತಿದ್ದ. ಎಷ್ಟು ಹೊತ್ತು ನಿಂತಿದ್ದೆವೋ. ಗಿರಾಕಿಯೊಬ್ಬರು ಬಂದು ಕೆಮ್ಮಿದ ಮೇಲೆ ಎಚ್ಚರವಾಯಿತು.

ಈಗ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬಿಡಿಸಿದವನಿಗೆ, ಇಂಥ ಬಣ್ಣ, ಇಂಥ ಆಕಾರ ಎಂದು ಹೇಳಿದವರು ಯಾರು? ನೀವು ತಾನೇ? ಹಾಗಾದರೆ ಅವು ಅಮ್ಮನವೇ ಅಲ್ಲವೇ?

ನಿಮ್ಮ ಮಗಳು,
ವಾನಿಯಾ


ಜುವಾಜೇರೊ ದೊ ನೊರ್ತೆ
೭ ಜೂನ್ ೨೦೧೨

ಮಗಳೇ,

ದೇವರು ನಿನ್ನನ್ನು ಹರಸಲಿ, ಎರಡು ಸಲ.

ಹೇಳಿದವನು ನಾನಲ್ಲ. ಪಟದ ದಲ್ಲಾಳಿ ನಮ್ಮ ಕೇರಿಗೆ ಬಂದಾಗ ನಾನು ದೂರದ ಊರಿನ ಆಟದಲ್ಲಿದ್ದೆ. ಹಳೆಯ ಪಟಗಳನ್ನು ಮನೆಮನೆಯಿಂದ ಎತ್ತಿ, ನಗರದಲ್ಲಿ ಬಣ್ಣ ಕಟ್ಟಿಸಿ ತಂದುಕೊಡುವವನು. ನಿನ್ನ ಅಜ್ಜಿ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳಂತೆ, ನೀನು ಅವಳ ತೊಡೆಯ ಮೇಲೆ. ಅವನಿಗೆ ಲಿಂಡಾಳ ಫೋಟೋ ಕೊಟ್ಟಳು. ಮುಚ್ಚಿದ ಕಣ್ಣು, ಬತ್ತಿ, ಹೂವು. ಅವನು ಟೋಪಿ ತೆಗೆದು, "ದೇವರ ಪಾದ ಸೇರಿದರಾ?" ಅಂದ. "ಹೂಂ, ಸೇರಿದಳು" ಅಂದಳು ಅಜ್ಜಿ. ಸುಳ್ಳೇನಲ್ಲವಲ್ಲ? ನಾಟಕದ ಮಾತು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. "ಕಣ್ಣು ತೆರೆಸಬೇಕಲ್ಲಾ ಅಮ್ಮಾ. ಹೇಗಿದ್ವು?" ಅಂದ. ಅಜ್ಜಿ ಸೊಸೆಯ ಕಣ್ಣನ್ನು ನೆಟ್ಟಗೆ ನೋಡಿದ್ದಿದ್ದರೆ ತಾನೇ? ಜಗಳವಾಡುವಾಗಲೂ ಅವಳ ಕಾಲು ನೋಡಿ ಬೈಯುತ್ತಿದ್ದಳು. ನಿನ್ನ ಗಲ್ಲ ಹಿಡಿದು ಎತ್ತಿ, "ಇಗೋ, ಇವಳ ಥರಾನೇ" ಅಂದುಬಿಟ್ಟಳು.

ಅವನು ನಿನ್ನ ಕಣ್ಣು ನೋಡಿ ಬರೆದುಕೊಂಡು ಹೋದ. ಬಣ್ಣದವನು ಅದನ್ನೇ ಬಿಡಿಸಿದ.

ಆದ್ದರಿಂದ ನೀನು ಅವಳ ಕಣ್ಣು ಇಸಕೊಂಡವಳಲ್ಲ ವಾನಿಯಾ. ಕೊಟ್ಟವಳು ನೀನು.

ನಿಜವಾದ ಕಣ್ಣು ಹೇಗಿತ್ತು ಎಂದು ಕೇಳುತ್ತೀಯ, ಗೊತ್ತು. ಎರಡು ದಿನದಿಂದ ಜೋಲಿಯಲ್ಲಿ ಮಲಗಿ ಅದನ್ನೇ ಹುಡುಕುತ್ತಿದ್ದೇನೆ. ನಲವತ್ತು ವರ್ಷ ಬೆಳಗಾದರೆ ಪಟದ ಕಣ್ಣು ನೋಡಿದವನು. ಹಗಲಿನಲ್ಲಿ ಕಂಡ ಅವಳ ಕಣ್ಣುಗಳೆಲ್ಲ ಅದರ ಕೆಳಗೆ ಹೋಗಿ ಸೇರಿವೆ. ನಿನ್ನ ಕಂಪ್ಯೂಟರಿಗೆ ನನ್ನನ್ನು ಪದರ ಬಿಡಿಸಿ ನೋಡಲು ಬಂದರೆ ಹೇಳು, ಬಸ್ಸು ಹತ್ತುತ್ತೇನೆ. ಉಳಿದಿರುವುದು ಒಂದೇ, ಪರದೆ ಬಿದ್ದ ಮೇಲೆ ತೆರೆಯುತ್ತಿದ್ದ ಆ ಒಂಟಿ ಕಣ್ಣು. ಅದು ಹೊಳೆಯುತ್ತಿತ್ತು, ಅಷ್ಟು ಗೊತ್ತು. ಪರದೆಯ ಹಿಂದೆ ಕತ್ತಲು, ಬಣ್ಣ ಕಾಣುತ್ತಿರಲಿಲ್ಲ.

ನಿನ್ನ ಅಪ್ಪ,
ದುರ್ವಾಲಿನೊ


ಫೊರ್ತಲೇಜಾ
೨೩ ಜೂನ್ ೨೦೧೨

ಅಪ್ಪಾ, ನಿಮ್ಮ ಆಶೀರ್ವಾದ ಬೇಡುತ್ತೇನೆ.

ನೊನಾತೊನ ಕೈಯಲ್ಲಿ ಎರಡು ಪಟ ಕಳಿಸಿದ್ದೇನೆ. ಒಂದು ನೀವು ಬಲ್ಲ ಪಟ: ನೀಲಿ ಉಡುಪು, ಮುತ್ತಿನ ಸರ, ತೆರೆದ ಕಣ್ಣು. ಬೂಷ್ಟಿಲ್ಲ, ಬಿರುಕಿಲ್ಲ. ಇನ್ನೊಂದರಲ್ಲಿ ಬಣ್ಣವೆಲ್ಲ ತೆಗೆದಿದ್ದೇನೆ. ಬಿಳಿ ಉಡುಪು, ಕಾಗದದ ಹೂವು, ನೊಣ.

ಕಣ್ಣು ಮುಟ್ಟಬೇಡ ಅಂದಿದ್ದಿರಿ. ಎರಡನೆಯದರಲ್ಲಿ ಮುಟ್ಟಿದ್ದೇನೆ, ಮುಚ್ಚಿದ್ದೇನೆ. ನಮ್ಮಲ್ಲಿ ಮುಚ್ಚಿದ ಕಣ್ಣಿನವರನ್ನು ಯಾರೂ ಗೋಡೆಗೆ ಹಾಕುವುದಿಲ್ಲ, ಗೊತ್ತು. ಕೇರಿಯವರು ಏನನ್ನುತ್ತಾರೋ ಅದೂ ಗೊತ್ತು. ಗೋಡೆ ನಿಮ್ಮದು. ಯಾವುದನ್ನು ಹಾಕಿದರೂ ನನಗೆ ಬೇಸರವಿಲ್ಲ.

ಇದು ಪೂರ್ತಿ ನಿಜವಲ್ಲ. ಎರಡನೆಯದರಲ್ಲಿ ಇರುವವಳನ್ನು ನಾನು ಈಗಷ್ಟೇ ಮೊದಲ ಸಲ ನೋಡಿದ್ದು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನಗು ಹಿಡಿದು ನೋಡಿಕೊಂಡೆ. ಎಡಗೆನ್ನೆಯಲ್ಲಿ ಗುಳಿ ಬಿತ್ತು.

ನಿಮ್ಮ ಮಗಳು,
ವಾನಿಯಾ


ಜುವಾಜೇರೊ ದೊ ನೊರ್ತೆ
೩ ಜುಲೈ ೨೦೧೨

ಮಗಳೇ ವಾನಿಯಾ,

ದೇವರು ನಿನ್ನನ್ನು ಹರಸಲಿ.

ನಿನ್ನೆ ನವೀಕರಣ ಮುಗಿಯಿತು. ನೀನಿರಬೇಕಿತ್ತು! ಎರಡೂ ಪಟ ಮೇಜಿನ ಮೇಲಿಟ್ಟು ವಾರವಿಡೀ ಎದುರು ಕೂತಿದ್ದೆ. ತೆರೆದ ಕಣ್ಣು ನನ್ನನ್ನು ನೋಡುತ್ತಿತ್ತು, ಎಂದಿನ ಹಾಗೆ. ಮುಚ್ಚಿದ ಕಣ್ಣು ನನಗೆ ಕಿವಿಗೊಡುತ್ತಿತ್ತು. ನಾನು ಮಾತಾಡುವವನು. ನನಗೆ ಬೇಕಾದದ್ದು ಯಾವುದು, ನೀನೇ ಹೇಳು. ನಿನ್ನೆ ಬೆಳಿಗ್ಗೆ ಮೊಳೆಗೆ ಅವಳನ್ನು ಹಾಕಿದೆ, ಕಣ್ಣು ಮುಚ್ಚಿದವಳನ್ನು, ಯೇಸುವಿನ ಪಕ್ಕದಲ್ಲೇ.

ದೋನಾ ಕ್ಲೆಮೆಂತಿನಾ ಪ್ರಾರ್ಥನೆಯ ಹೆಂಗಸರನ್ನು ಕರೆದುಕೊಂಡು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತು, ನನ್ನನ್ನು ಹತ್ತಿರ ಎಳೆದು ಕಿವಿಗೆ ಕಿರುಚಿದಳು: "ಅಯ್ಯೋ ಪಾಪಿ! ಹೆಣನ ದೇವರ ಪಕ್ಕ ನೇತುಹಾಕ್ತೀಯೇನೋ? ಮನೆಗೆ ಸಾವಿನ ಕರೆ ಬರುತ್ತೆ ಕಣೋ!"

"ಬಂದ್ರೆ ನನಗೆ ಬರುತ್ತೆ. ನೀನ್ಯಾಕೆ ಬೆವರ್ತೀಯ?"

"ಕಣ್ಣು ತೆರೆದಿರೋದು ಇಲ್ವಾ? ಅದನ್ನ ಹಾಕೋ. ಅದಾಗೋವರೆಗೆ ನಾನು ಹಾಡಲ್ಲ."

ಹೆಂಗಸರೆಲ್ಲ ಬಾಗಿಲಲ್ಲಿ ಗುಂಪು. ಒಬ್ಬರೂ ಒಳಗೆ ಕಾಲಿಡುವುದಿಲ್ಲ. ಬತ್ತಿ ಹಚ್ಚಿಟ್ಟಿದೆ, ಅಲುವಾ ಪಾನಕ ಹೂಜಿಯಲ್ಲಿ ನೊರೆಯೇಳುತ್ತಿದೆ, ಹಾಡುವವರಿಲ್ಲ. ನಾನೇನು ಮಾಡಲಿ? ನನಗೆ ಬರುವುದು ಒಂದೇ ವಿದ್ಯೆ. ಗೋಡೆಯ ಮುಂದೆ ಮಂಡಿಯೂರಿದೆ. ಎದೆಯಿಂದ ಎತ್ತಿದೆ ಐದನೇ ಅಂಕ! "ಏಳು, ನನ್ನ ಮನೆಯ ಹಗಲೇ, ಏಳು!" ಮಾತೆಲ್ಲ ಇತ್ತು ಮಗಳೇ, ಒಂದೂ ಎಲ್ಲಿಗೂ ಹೋಗಿರಲಿಲ್ಲ. ನನ್ನ ದನಿ ನನಗೇ ಕೇಳಿಸುವುದಿಲ್ಲ. ಆದರೆ ನೆಲ ನಡುಗಿದ್ದು ಮೊಣಕಾಲಿಗೆ ಗೊತ್ತಾಯಿತು. "ಈ ಪಾಪಿಯ ಮುಖಕ್ಕೆ ಉಗಿಯುವುದಕ್ಕಾದರೂ ಕಣ್ಣು ತೆರೆ!" ಅಲ್ಲಿಗೆ ಬಂದಾಗ ಅವಳ ಎಡತುಟಿಯ ತುದಿ ನೋಡಿದೆ. ನೊಣ ನೋಡಿದೆ. ನನ್ನ ಅಳು ನಡುಗಿತು, ಓಯೇರಾಸಿನಲ್ಲಿ ನಡುಗಿದ ಹಾಗೆಯೇ.

ತಿರುಗಿ ನೋಡಿದರೆ ಎಲ್ಲರೂ ಒಳಗೆ ಬಂದಿದ್ದಾರೆ, ಮಂಡಿಯೂರಿದ್ದಾರೆ. ಅಳು ನನಗೆ ಕೇಳಿಸಲಿಲ್ಲ, ಹೆಗಲುಗಳು ಕುಲುಕುವುದು ಕಂಡಿತು. ಕ್ಲೆಮೆಂತಿನಾ ಜಪಮಾಲೆಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಎದ್ದು, ಪಟದ ಹತ್ತಿರ ಹೋಗಿ, ತಲೆಗೆ ಹೊದ್ದ ಬಟ್ಟೆಯ ತುದಿಯಿಂದ ಆ ನೊಣವನ್ನು ಓಡಿಸಲು ನೋಡಿದಳು. ಎರಡು ಸಲ ಓಡಿಸಿದಳು. ಅದು ಹೋಗಲಿಲ್ಲ. ಆಗ ಅವಳ ಬಾಯಿ ತೆರೆದು ಮೈಯೆಲ್ಲ ಕುಲುಕಿತು, ಹೆಂಗಸರೆಲ್ಲ ಬಾಯಿ ತೆರೆದರು. ನಕ್ಕರು ಕಣೇ! ಅತ್ತ ಕಣ್ಣಲ್ಲೇ ನಕ್ಕರು! ಆಮೇಲೆ ಹಾಡಿದರು.

ತೆರೆದ ಕಣ್ಣಿನ ಪಟವನ್ನು ನೊನಾತೊನ ಕೈಯಲ್ಲಿ ನಿನಗೆ ಕಳಿಸಿದ್ದೇನೆ. ಅದು ನಿನ್ನದು. ತಾಯಿಗೆ ನೀನು ಕೊಟ್ಟದ್ದು ನಿನ್ನ ಗೋಡೆಯ ಮೇಲೇ ಇರಲಿ.

ಸಂಜೆ ಎಲ್ಲರೂ ಬಿಸ್ಕತ್ತು ತಿನ್ನಲು ಅಂಗಳಕ್ಕೆ ಹೋದರು. ಹಜಾರದಲ್ಲಿ ನಾನು, ಅವಳು. ಕಿಟಕಿಯ ಬಾಗಿಲು ಮುಚ್ಚಿದೆ. ಬಾಗಿಲಿಗೆ ಕಟ್ಟಿದ ಹೂವಿನ ಬಟ್ಟೆ ಇದೆಯಲ್ಲ, ಅದನ್ನು ಎಳೆದು ಬಿಟ್ಟೆ. ಪರದೆ ಬಿತ್ತು. ಅವಳ ಹತ್ತಿರ ಬಗ್ಗಿ ಹೇಳಿದೆ:

"ಅತ್ತರು ಕಣೇ, ಲಿಂಡಾ. ಎಲ್ಲರೂ ಅತ್ತರು. ಕ್ಲೆಮೆಂತಿನಾ ಕೂಡ."

ಆ ಒಂಟಿ ಕಣ್ಣಿನ ಬಣ್ಣ ಯಾವುದು ಎಂದು ಮಾತ್ರ ಕೇಳಬೇಡ ಮಗಳೇ. ಪರದೆಯ ಹಿಂದೆ ಕತ್ತಲಿತ್ತು, ಯಾವಾಗಿನ ಹಾಗೆ.

ನಿನ್ನ ಅಪ್ಪ,
ದುರ್ವಾಲಿನೊ